ಹಂದಿಮರಿಗಳಿಗೆ ಬೇಧಿ ಹತ್ತದಂತೆ ನೋಡಿಕೊಳ್ಳುವುದು ಹೇಗೆ?

ಮರಿ ಹಾಕಿದ ಎರಡನೆಯ ದಿನ ಗೂಡಿಗೆ ಹೋದರೆ ಮರಿಗಳ ಹಿಂಭಾಗವೆಲ್ಲ ಒದ್ದೆ, ನೆಲದ ಮೇಲೆ ನೀರಿನಂಥ ಹಳದಿ ಬೇಧಿ. ಇದು ಹೆಚ್ಚಾಗಿ ಇ. ಕೊಲೈ ಬ್ಯಾಕ್ಟೀರಿಯಾದ ಕೆಲಸ. ಬೇಧಿಯಲ್ಲಿ ರಕ್ತ ಕಂಡರೆ ಕ್ಲಾಸ್ಟ್ರಿಡಿಯಂ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಇರಬಹುದು. ಅದು ಔಷಧಿ ತರುವಷ್ಟು ಸಮಯವನ್ನೂ ಕೊಡದೆ ಮರಿಗಳನ್ನು ಸಾಯಿಸುತ್ತದೆ. ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಮರಿ ಹುಟ್ಟುವ ಮೊದಲೇ.

ಹಂದಿಯ ಗರ್ಭದ ಅವಧಿ ಸುಮಾರು 114 ದಿನ. ಮರಿ ಹಾಕುವುದಕ್ಕೆ ಐದಾರು ವಾರ ಮೊದಲು ಒಮ್ಮೆ, ಎರಡು–ಮೂರು ವಾರ ಮೊದಲು ಇನ್ನೊಮ್ಮೆ ತಾಯಿಗೆ ಲಸಿಕೆ ಹಾಕಿಸುವ ಪದ್ಧತಿಯಿದೆ. ನಿಮ್ಮಲ್ಲಿ ಸಿಗುತ್ತದೆಯೇ ಎಂದು ಪಶುವೈದ್ಯರನ್ನು ಕೇಳಿ. ವಾರ ಮೊದಲು ತಾಯಿಯ ಮೈಯನ್ನೂ ಕೆಚ್ಚಲನ್ನೂ ಸೋಪು ಹಾಕಿ ತೊಳೆದು, ತೊಳೆದು ಒಣಗಿಸಿದ ಗೂಡಿಗೆ ಬಿಡಿ. ಒಣಗಿಸಿದ ಎಂಬ ಮಾತಿಗೆ ಒತ್ತು ಕೊಟ್ಟು ಓದಿ; ತೊಳೆದು ಒದ್ದೆ ಬಿಟ್ಟ ನೆಲ ತೊಳೆಯದ ನೆಲದಷ್ಟೇ ಕೆಟ್ಟದ್ದು.

ಇನ್ನು ಗಿಣ್ಣುಹಾಲು. ಕರುವಿನ ಹಾಗೆ ಹಂದಿಮರಿಯೂ ರೋಗ ತಡೆಯುವ ಶಕ್ತಿಯನ್ನು ಹೊಟ್ಟೆಯಲ್ಲಿದ್ದಾಗ ಪಡೆದು ಬರುವುದಿಲ್ಲ. ಗಿಣ್ಣುಹಾಲಿನಿಂದ ಆ ಶಕ್ತಿಯನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಒಂದು–ಒಂದೂವರೆ ದಿನದಲ್ಲೇ ಮುಚ್ಚುತ್ತದೆ. ಮೊದಲ ಆರು ಗಂಟೆಯಲ್ಲಿ ಪ್ರತಿ ಮರಿಯೂ ಕುಡಿಯಲೇಬೇಕು. ಮರಿಗಳು ಹೆಚ್ಚಿದ್ದರೆ ಹೊಟ್ಟೆ ತುಂಬಿದ ದೊಡ್ಡವನ್ನು ಒಂದು ಗಂಟೆ ಬುಟ್ಟಿಯಲ್ಲಿ ಬೆಚ್ಚಗಿಟ್ಟು, ಸಣ್ಣವಕ್ಕೆ ಮೊಲೆ ಬಿಟ್ಟುಕೊಡಿ.

ಚಳಿಗೆ ನಡುಗುವ ಮರಿಗೆ ಬೇಧಿ ಬೇಗ ಹತ್ತುತ್ತದೆ. ಮರಿಗೆ 32–34 ಡಿಗ್ರಿ ಸೆಲ್ಸಿಯಸ್ ಬೇಕು, ತಾಯಿಗೆ 20ರ ಆಸುಪಾಸು ಸಾಕು. ಆದ್ದರಿಂದ ಮೂಲೆಯಲ್ಲಿ ಮರಿಗಳಿಗಷ್ಟೇ ಬಲ್ಬು ಕಟ್ಟಿ. ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ಬಲ್ಬಿನಿಂದ ದೂರ ಸರಿದಿದ್ದರೆ ಸೆಕೆ.

ಇಷ್ಟಾದರೂ ಬೇಧಿ ಬಂದರೆ? ಆಮ್ಲವೋ ಕ್ಷಾರವೋ ಎಂದು ಬಣ್ಣದಿಂದ ತೋರಿಸುವ ಲಿಟ್ಮಸ್ ಕಾಗದವನ್ನು ತಾಜಾ ಬೇಧಿಗೆ ತಾಗಿಸಿ. ಕೆಂಪು ಕಾಗದ ನೀಲಿಯಾದರೆ ಇ. ಕೊಲೈ ಅನುಮಾನ, ನೀಲಿ ಕಾಗದ ಕೆಂಪಾದರೆ ವೈರಸ್ ಅನುಮಾನ. ಇದು ಬರೀ ಸುಳಿವು. ಖಚಿತವಾಗಬೇಕಾದರೆ ಆಗಷ್ಟೇ ಸತ್ತ ಮರಿಯನ್ನು ವೈದ್ಯರಲ್ಲಿಗೆ ಒಯ್ಯಬೇಕು. ಹಳೇ ಬಾಟಲಿಯಲ್ಲಿ ಉಳಿದ ಆ್ಯಂಟಿಬಯೋಟಿಕ್ ಚುಚ್ಚುವ ಚಾಳಿ ಬೇಡ. ವೈದ್ಯರು ಬರುವ ತನಕ ಓಆರ್‌ಎಸ್ ನೀರನ್ನು ತಗ್ಗು ತಟ್ಟೆಯಲ್ಲಿಡಿ, ಹಾಲು ಬಿಡಿಸಬೇಡಿ. ಗೂಡು ಗುಡಿಸುವಾಗ ಆರೋಗ್ಯವಂತ ಮರಿಗಳ ಕಡೆ ಮೊದಲು ಹೋಗಿ, ಬೇಧಿಯ ಗೂಡಿಗೆ ಕೊನೆಗೆ. ಪೊರಕೆಯೂ ಬೂಟೂ ಅದಕ್ಕೆಂದೇ ಬೇರೆ ಇರಲಿ.