ಕ್ರೋಶಾ ಟೋಪಿ: ಹೆಣೆಯೋದು ಹೇಗೆ, ಬೆಲೆ ಹೇಳೋದು ಹೇಗೆ

ಕ್ರೋಶಾ ಟೋಪಿ ಹೆಣೆದು ಮಾರಬೇಕು ಅಂತಿದ್ದೀರಾ? ಮೊದಲು ಒಂದು ವಿಷಯ ತಿಳಿದಿರಲಿ. ಸ್ವೆಟರ್ ಹೆಣೆಯುವ ಮೆಷಿನ್ ಇದೆ, ನೋಡೋಕೆ ಕ್ರೋಶಾ ತರಹವೇ ಕಾಣುವ ಬಟ್ಟೆ ಮಾಡುವ ಮೆಷಿನ್ ಕೂಡ ಇದೆ, ಆದರೆ ಕೊಕ್ಕೆ ಕಡ್ಡಿಯಿಂದ ಒಂದೊಂದೇ ಕುಣಿಕೆ ಎಳೆದು ಮಾಡಿದ ನಿಜವಾದ ಕ್ರೋಶಾ ಎಲ್ಲಿ ಕಂಡರೂ ಅದನ್ನು ಯಾರೋ ಕೂತು ಕೈಯಲ್ಲೇ ಹೆಣೆದಿರುತ್ತಾರೆ. ಅಂಥ ಟೋಪಿ ಅಂಗಡಿಯಲ್ಲಿ 200 ರೂಪಾಯಿಗೆ ಸಿಕ್ಕರೆ ಹೆಣೆದವರಿಗೆ ಎಷ್ಟು ಸಿಕ್ಕಿರಬಹುದು? ಆ ಬೆಲೆ ನೋಡಿ ನಿಮ್ಮ ಬೆಲೆ ಇಳಿಸಬೇಡಿ.

ಈಗ ಹೆಣಿಗೆ. ಬಿಸಿಲಿನ ಟೋಪಿಗೆ ಕಾಟನ್ ನೂಲೇ ಸರಿ, ಅಕ್ರಿಲಿಕ್‌ನಲ್ಲಿ ತಲೆ ಬೆವರುತ್ತದೆ. ತಲೆಯ ಸುತ್ತಳತೆ ತೆಗೆದು 3.14ರಿಂದ ಭಾಗಿಸಿ. 56 ಸೆಂ.ಮೀ. ತಲೆಗೆ ಅಡ್ಡಳತೆ ಸುಮಾರು 17.8 ಸೆಂ.ಮೀ. ಬರುತ್ತದೆ. ನೆತ್ತಿಯ ಚಕ್ರ ಅದಕ್ಕಿಂತ ಒಂಚೂರು ಚಿಕ್ಕದಿರಲಿ, 17 ಸಾಕು, ಯಾಕೆಂದರೆ ಹಾಕಿ ಹಾಕಿ ಕಾಟನ್ ಹಿಗ್ಗುತ್ತದೆ. ಮ್ಯಾಜಿಕ್ ರಿಂಗ್‌ನಲ್ಲಿ (ಎಳೆದರೆ ಬಿಗಿಯಾಗುವ ನೂಲಿನ ಉಂಗುರ) 6 ಸಿಂಗಲ್ ಕ್ರೋಶಾ (ಸರಳವಾದ ಗಿಡ್ಡ ಹೆಣಿಗೆ), ಆಮೇಲೆ 12, 18, 24, ಹೀಗೆ ಪ್ರತಿ ಸುತ್ತಿಗೂ 6 ಹೆಚ್ಚಿಸುತ್ತಾ ಹೋಗಿ. ಚಕ್ರ ಬಟ್ಟಲಿನಂತೆ ಮಡಚಿಕೊಂಡರೆ ಹೆಚ್ಚಿಸಿದ್ದು ಕಡಿಮೆಯಾಗಿದೆ, ಅಂಚು ನೆರಿಗೆ ಬಿದ್ದರೆ ಜಾಸ್ತಿಯಾಗಿದೆ. ಪ್ರತಿ ಸುತ್ತಲ್ಲೂ ಒಂದೇ ಜಾಗದಲ್ಲಿ ಹೆಚ್ಚಿಸಿದರೆ ಆರು ಮೂಲೆ ಎದ್ದು ಕಾಣುತ್ತವೆ, ಜಾಗ ಬದಲಿಸಿ. ಅಳತೆ ಬಂದ ಮೇಲೆ ಹೆಚ್ಚಿಸದೆ ನೇರ ಕೆಳಗಿಳಿಯಿರಿ. ಅಂಚಿನ ಭಾಗಕ್ಕೆ ಮತ್ತೆ ಹೆಚ್ಚಿಸಬೇಕು, ಅಲ್ಲಿ ಒಂದು ಸೈಜ್ ಚಿಕ್ಕ ಕಡ್ಡಿ ಹಿಡಿದರೆ ಬಿಗಿಯಾಗಿ ನಿಲ್ಲುತ್ತದೆ.

ಬೆಲೆಗೆ ಬರೋಣ, ಹೆಚ್ಚಿನವರು ಸೋಲುವುದು ಇಲ್ಲೇ. ನೂಲಿನ ಉಂಡೆಯನ್ನು ಅಡುಗೆಮನೆ ತಕ್ಕಡಿಯಲ್ಲಿ ಹೆಣೆಯುವ ಮೊದಲು, ಆಮೇಲೆ ಎರಡು ಸಲ ತೂಗಿ. 100 ಗ್ರಾಂ ಉಂಡೆಗೆ 200 ರೂಪಾಯಿ, ಖರ್ಚಾಗಿದ್ದು 90 ಗ್ರಾಂ ಅಂದುಕೊಳ್ಳಿ, ನೂಲಿಗೆ 180 ಆಯಿತು. ಗಂಟೆ ಲೆಕ್ಕ ಮೊಬೈಲ್‌ನಲ್ಲಿ ಬರೆದಿಡಿ, ಟಿವಿ ನೋಡ್ತಾ ಹೆಣೆದ ಗಂಟೆಯೂ ಗಂಟೆಯೇ. 5 ಗಂಟೆ, ಗಂಟೆಗೆ 80ರಂತೆ 400. ಲೇಬಲ್, ಕವರ್‌ಗೆ 30. ಒಟ್ಟು 610. ಕೊರಿಯರ್ ಬೇರೆ.

ಬೊಟಿಕ್‌ನವರು ಇಟ್ಟು ಮಾರಿಕೊಡುತ್ತೇವೆ, ಶೇ 30 ಕಮಿಷನ್ ಅಂದರೆ 610ಕ್ಕೆ ಶೇ 30 ಸೇರಿಸಿ 793 ಅಂತ ಹೇಳಿಬಿಡಬೇಡಿ. ಅವರು ಕಮಿಷನ್ ಹಿಡಿಯುವುದು ಮಾರಿದ ಬೆಲೆಯ ಮೇಲೆ, ಹಾಗಾಗಿ ನಿಮ್ಮ ಕೈಗೆ 555 ಬರುತ್ತದೆ, 55 ರೂಪಾಯಿ ಖೋತಾ. 610ನ್ನು 0.7ರಿಂದ ಭಾಗಿಸಿ. 871 ಬರುತ್ತದೆ, ಅದೇ ಸರಿಯಾದ ಬೆಲೆ.

"ಅಯ್ಯೋ, ಒಂದು ಟೋಪಿಗೆ ಇಷ್ಟಾ?" ಅಂತ ಕೇಳೇ ಕೇಳುತ್ತಾರೆ, ಅದರಲ್ಲೂ ನೆಂಟರು. ಬೇಜಾರು ಮಾಡ್ಕೋಬೇಡಿ, ಗಂಟೆ ಲೆಕ್ಕ ತೋರಿಸಿ. ಕಡಿಮೆಗೇ ಬೇಕು ಅಂದರೆ ಕೂಲಿ ಬಿಡಬೇಡಿ, ಕೆಲಸ ಕಡಿಮೆ ಮಾಡಿ: ಅಂಚಿಲ್ಲದ ಟೋಪಿ, ಹೂವಿಲ್ಲದ ಟೋಪಿ, ಅಥವಾ ಒಂದು ಹೇರ್‌ಬ್ಯಾಂಡ್. ಹೇಳಿ ಮಾಡಿಸುವವರಿಂದ ಮಾತ್ರ ನೂಲಿನ ಹಣವನ್ನು ಮುಂಗಡವಾಗಿ ತಗೊಳ್ಳಿ, ಅವರ ತಲೆ ಅಳತೆಯ, ಅವರು ಆರಿಸಿದ ಬಣ್ಣದ ಟೋಪಿಯನ್ನು ಬೇರೆಯವರಿಗೆ ಮಾರುವುದು ಕಷ್ಟ.