ಬೋಟಿನ ಪರದೆ ಕಪ್ಪಾಯಿತೇ? ತಂತಿ ಹಿಡಿದು ಹಿಂದಕ್ಕೆ ನಡೆಯಿರಿ

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆಯಲ್ಲಾಗಲಿ, ಮಂಗಳೂರಿನ ಹಳೆ ಬಂದರಿನಲ್ಲಾಗಲಿ ಅದು ಬಲೆ ಹೆಣೆಯುವ, ಎಂಜಿನ್ ಬಿಚ್ಚುವ ಕಾಲ. ವೀಲ್‌ಹೌಸಿನ (ಬೋಟು ನಡೆಸುವ ಕೋಣೆಯ) ಜಿಪಿಎಸ್, ನೀರಿನಡಿಯ ಮೀನು ತೋರಿಸುವ ಫಿಶ್ ಫೈಂಡರ್‌ಗಳ ಪರದೆಯತ್ತ ಮಾತ್ರ ಯಾರ ಕಣ್ಣೂ ಹೋಗುವುದಿಲ್ಲ. ಆಗಸ್ಟಿನಲ್ಲಿ ದಕ್ಕೆ ಬಿಡುವ ಹೊತ್ತಿಗೆ ಗುಂಡಿ ಒತ್ತಿದರೆ ಪರದೆ ಕಪ್ಪು.

ಕೂಡಲೇ ಸ್ಕ್ರೂಡ್ರೈವರ್ ಹಿಡಿದು ಪರದೆಯ ಬೆನ್ನು ಬಿಚ್ಚಬೇಡಿ. ಉಪ್ಪುಗಾಳಿ ಹೆಚ್ಚಾಗಿ ಮೊದಲು ತಿನ್ನುವುದು ತಂತಿಯನ್ನು, ಫ್ಯೂಸಿನ ಗೂಡನ್ನು, ಪ್ಲಗ್ಗಿನ ಪಿನ್ನುಗಳನ್ನು.

ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಬ್ಯಾಟರಿಯಿಂದ ಆರಂಭಿಸಿ. ಪೂರ್ತಿ ಚಾರ್ಜ್ ಆಗಿ ಸುಮ್ಮನಿರುವ 12 ವೋಲ್ಟಿನ ಬ್ಯಾಟರಿ ಸುಮಾರು 12.6 ತೋರಿಸಬೇಕು. ಅಲ್ಲಿಂದ ಫ್ಯೂಸಿಗೆ, ನಂತರ ಪರದೆಯ ಹಿಂದಿನ ಪ್ಲಗ್ಗಿಗೆ ಬನ್ನಿ. ಇಲ್ಲೇ ಅನೇಕರು ಮೋಸಹೋಗುತ್ತಾರೆ. ಒಳಗೆಲ್ಲ ಹಸಿರು ಕಿಲುಬು ಹಿಡಿದು ಎರಡೇ ಎಳೆ ಉಳಿದಿರುವ ತಂತಿಯೂ ಮೀಟರಿನಲ್ಲಿ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಹೆಚ್ಚುಕಡಿಮೆ ಕರೆಂಟನ್ನೇ ಎಳೆಯುವುದಿಲ್ಲ. ಭಾರ ಹೊರಿಸಿ ನೋಡಿದರೆ ಮಾತ್ರ ಬಣ್ಣ ಬಯಲಾಗುತ್ತದೆ. 10 ವಾಟಿನ 12 ವೋಲ್ಟ್ ಬಲ್ಬೊಂದನ್ನು ಪ್ಲಗ್ಗಿನ ಎರಡು ಪವರ್ ಪಿನ್ನುಗಳಿಗೆ ಜೋಡಿಸಿ, ಅದು ಉರಿಯುತ್ತಿರುವಾಗಲೇ ಅಳೆಯಿರಿ. ಬಲ್ಬು ಮಂಕಾಗಿ ಮೀಟರ್ 9ಕ್ಕೆ ಇಳಿದರೆ ಕಳ್ಳ ಸಿಕ್ಕಂತೆ. (ಬೋಟಿನಲ್ಲಿರುವುದು 24 ವೋಲ್ಟ್ ಆದರೆ ಬಲ್ಬೂ 24ರದ್ದೇ ಇರಲಿ.)

ಕಿಲುಬು ಹಿಡಿದ ತಂತಿಯನ್ನು ಹೊಳೆಯುವ ತಾಮ್ರ ಕಾಣುವವರೆಗೂ ಕತ್ತರಿಸಿ. ತವರ ಲೇಪಿಸಿದ ತಂತಿ ಹಾಕಿ, ತುದಿಗಳನ್ನು ಲೋಹದ ತೋಳಿನಲ್ಲಿಟ್ಟು ಒತ್ತಿ ಬಿಗಿದು (ಕ್ರಿಂಪ್ ಮಾಡಿ), ಬಿಸಿಗೆ ಕುಗ್ಗಿ ಹಿಡಿಯುವ, ಒಳಮೈಗೆ ಅಂಟು ಬಳಿದಿರುವ ಹೀಟ್ ಶ್ರಿಂಕ್ ಕೊಳವೆ ತೊಡಿಸಿ. ತಿರುಚಿ ಟೇಪು ಸುತ್ತಿದರೆ ಟೇಪಿನೊಳಗೆ ಉಪ್ಪುನೀರು ಸೇರಿ ಮುಂದಿನ ಮಳೆಗಾಲಕ್ಕೆ ಅದೇ ಕಥೆ. ಫ್ಯೂಸಿನ ಜಾಗಕ್ಕೆ ಸಿಗರೇಟು ಪ್ಯಾಕಿನ ಬೆಳ್ಳಿಹಾಳೆ ತುರುಕುವ ಜಾಣತನವನ್ನು ಕಂಡಿದ್ದೇನೆ. ಅದು ಉಳಿಸುವುದು ಹತ್ತು ರೂಪಾಯಿ, ಪಣಕ್ಕಿಡುವುದು ಇಡೀ ಬೋಟು.

ಎಂಜಿನ್ ಸ್ಟಾರ್ಟ್ ಮಾಡುವಾಗ ಮಾತ್ರ ಪರದೆ ಆರಿ ಮತ್ತೆ ಹೊತ್ತಿಕೊಳ್ಳುತ್ತದೆಯೇ? ಸ್ಟಾರ್ಟರ್ ಎಳೆಯುವ ರಭಸಕ್ಕೆ ವೋಲ್ಟೇಜ್ ಕುಸಿದಿದೆ. ಪರದೆಗೆ ಬೇರೆ ಬ್ಯಾಟರಿ ಕೊಡಿ, ಇಲ್ಲವೇ ಎಂಜಿನ್ ಓಡಿದ ಮೇಲೆ ಅದನ್ನು ಹಾಕಿ.

ವಿದ್ಯುತ್ ಸರಿಯಿದ್ದೂ ಪರದೆ ಕಪ್ಪಾಗಿದ್ದರೆ ಟಾರ್ಚ್ ತನ್ನಿ. ಉಪಕರಣ ಚಾಲೂ ಇರುವಾಗ ಗಾಜಿನ ಮೇಲೆ ಓರೆಯಾಗಿ ಬೆಳಕು ಬಿಟ್ಟು ಕಣ್ಣು ಕಿರಿದುಮಾಡಿ ನೋಡಿ. ಮಸುಕಾಗಿ ಅಂಕಿ, ಗೆರೆಗಳು ಕಂಡರೆ ಪ್ಯಾನೆಲ್ ಬದುಕಿದೆ, ಹಿಂಬೆಳಕು ಸತ್ತಿದೆ. ಪ್ಯಾನೆಲನ್ನೇ ಬದಲಿಸಬೇಕು ಎನ್ನುವವರಿಗೆ ಇದನ್ನು ತೋರಿಸಿ. ಹಾಗೆಯೇ ಒಮ್ಮೆ ತಂಪು ಕನ್ನಡಕ ತೆಗೆದು ನೋಡಿ. ಪೋಲರಾಯ್ಡ್ ಗಾಜಿನ ಮೂಲಕ ಕೆಲವು ಕೋನಗಳಲ್ಲಿ ಒಳ್ಳೆಯ ಪರದೆಯೂ ಕಪ್ಪಾಗಿಯೇ ಕಾಣುತ್ತದೆ. ಉದ್ದುದ್ದ ಗೆರೆಗಳು ಬಂದರೆ ಒಳಗಿನ ಪಟ್ಟಿ ಕೇಬಲ್ ಸಡಿಲಗೊಂಡಿರಬಹುದು, ಪ್ಯಾನೆಲೂ ಕೆಟ್ಟಿರಬಹುದು. ಅದು ಅಂಗಡಿಯವರ ಕೆಲಸ. ಫಿಶ್ ಫೈಂಡರ್ ಪರದೆ ಬೆಳಗುತ್ತಿದ್ದು ಕಡಲ ತಳ ಮಾತ್ರ ಕಾಣದಿದ್ದರೆ ನೀರಿಗೆ ಶಬ್ದದ ಅಲೆ ಬಿಟ್ಟು ಪ್ರತಿಧ್ವನಿ ಹಿಡಿಯುವ ಬೋಟಿನಡಿಯ ಟ್ರಾನ್ಸ್‌ಡ್ಯೂಸರ್ ನೋಡಿ, ಅದಕ್ಕೆ ಚಿಪ್ಪುಜೀವಿಗಳು ಅಂಟಿಕೊಂಡಿರಬಹುದು.

ಗಾಜನ್ನು ಸಿಹಿನೀರಿನಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು. ಥಿನ್ನರ್, ಪೆಟ್ರೋಲ್ ಬೇಡ. ಪಿನ್ನುಗಳಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಲ್ಲುಜ್ಜುವ ಹಳೆ ಬ್ರಷ್‌ನಿಂದ ಉಜ್ಜಿ, ಆರಿದ ಮೇಲೆ ಕೂಡಿಸಿ.

ಅಂಗಡಿಗೆ ಕೊಡಲೇಬೇಕಾಗಿ ಬಂದರೆ, ಅಲ್ಲಿ ರಿಸೆಟ್ ಒತ್ತಿದರೆ ಮೀನು ಸಿಕ್ಕ ಜಾಗ, ಬಲೆ ಹರಿದ ಬಂಡೆ ಎಂದು ಬೋಟು ನಡೆಸುವ ತಾಂಡೇಲರು ವರ್ಷಗಟ್ಟಲೆ ಕೂಡಿಟ್ಟ ಗುರುತುಗಳೆಲ್ಲ ಅಳಿಸಿಹೋಗಬಹುದು. ಪರದೆ ಚೆನ್ನಾಗಿರುವಾಗಲೇ ಅವುಗಳ ಅಕ್ಷಾಂಶ, ರೇಖಾಂಶಗಳನ್ನು ನೋಟ್ ಪುಸ್ತಕದಲ್ಲಿ ಬರೆದು, ಪುಸ್ತಕವನ್ನು ಮನೆಯಲ್ಲಿಡಿ.