ಮ್ಯೂಸಿಕ್ ವಿಡಿಯೊದಲ್ಲಿ ಕ್ವಿಯರ್ ಹೆಣ್ಣುಜೋಡಿ: ಚಿತ್ರೀಕರಿಸುವುದು ಹೇಗೆ?

ಮೂರೂವರೆ ನಿಮಿಷದ ಹಾಡೆಂದರೆ 210 ಸೆಕೆಂಡು. ಶಾಟ್ ಒಂದಕ್ಕೆ ಸರಾಸರಿ 3 ಸೆಕೆಂಡು ಹಿಡಿದರೆ ಸುಮಾರು 70 ಶಾಟ್. ಅಷ್ಟನ್ನೂ ಮೊದಲೇ ಬರೆದಿಟ್ಟು, ಪ್ರತಿ ಶಾಟಿನ ಮುಂದೆ 'ನೋಡುತ್ತಿರುವುದು ಯಾರು?' ಎಂಬುದನ್ನು ಗುರುತು ಹಾಕಿ. ಪ್ರೀತಿಯಲ್ಲಿರುವ ಆ ಇಬ್ಬರು ಹೆಂಗಸರು ಪರಸ್ಪರ ನೋಡುವ ಶಾಟುಗಳಿಗಿಂತ ಹೊರಗಿನವರು ಅವರನ್ನು ನೋಡುವ ಶಾಟುಗಳೇ ಜಾಸ್ತಿಯಿದ್ದರೆ ಪಟ್ಟಿಯನ್ನು ಮತ್ತೆ ಬರೆಯಬೇಕು.

ರಷ್ಯದ ಇಬ್ಬರು ಗಾಯಕಿಯರ ಟಾಟು ತಂಡದ 2002ರ 'ಆಲ್ ದ ಥಿಂಗ್ಸ್ ಶಿ ಸೆಡ್' ವಿಡಿಯೊದಲ್ಲಿ ಶಾಲಾ ಸಮವಸ್ತ್ರ ತೊಟ್ಟ ಇಬ್ಬರು ಮಳೆಯಲ್ಲಿ, ಬೇಲಿಯಾಚೆ ಜನ ನೋಡುತ್ತಿರುವಾಗ, ಮುತ್ತಿಡುತ್ತಾರೆ. ಆ ಗಾಯಕಿಯರು ನಿಜ ಜೀವನದಲ್ಲಿ ಜೋಡಿಯಾಗಿರಲಿಲ್ಲ. 2015ರ 'ಗರ್ಲ್ಸ್ ಲೈಕ್ ಗರ್ಲ್ಸ್' ವಿಡಿಯೊವನ್ನು ಅಮೆರಿಕದ ಹಾಡುಗಾರ್ತಿ ಹೇಲಿ ಕಿಯೋಕೊ ತಾನೇ ಸಹನಿರ್ದೇಶಿಸಿದರು. ಅಲ್ಲಿ ಮುತ್ತು ಬರುವುದು ಕೊನೆಗೆ, ಅಲ್ಲಿಯತನಕ ಕಥೆ ನಡೆಸುವುದು ಕಣ್ಣೋಟಗಳು. ಎರಡನ್ನೂ ಒಟ್ಟಿಗೆ ನೋಡಿ, ಕ್ಯಾಮೆರಾ ಯಾರ ಪಕ್ಷದಲ್ಲಿದೆ ಎಂಬುದು ಗೊತ್ತಾಗುತ್ತದೆ.

ಕ್ಯಾಮೆರಾವನ್ನು ನೋಡುವವಳ ಕಣ್ಣಿನ ಎತ್ತರದಲ್ಲಿಡಿ. ಅವಳು ಗಾಲಿಕುರ್ಚಿಯಲ್ಲಿದ್ದರೆ ಟ್ರೈಪಾಡ್ ಆ ಎತ್ತರಕ್ಕೇ ಇಳಿಯಲಿ. ಕಾಲಿನಿಂದ ಮುಖದವರೆಗೆ ಮೈಮೇಲೆ ಕ್ಯಾಮೆರಾ ಹರಿಸಬೇಡಿ. ಬದಲಿಗೆ ಕೈಗೆ ಕೆಲಸ ಕೊಡಿ: ಒಬ್ಬಳು ಇನ್ನೊಬ್ಬಳ ಕನ್ನಡಕ ತೆಗೆದು, ತನ್ನ ಅಂಗಿಯ ಅಂಚಿನಲ್ಲಿ ಒರೆಸಿ, ಮತ್ತೆ ಅವಳ ಮೂಗಿನ ಮೇಲಿಡಲಿ. ಇಂಥದ್ದಕ್ಕೆ 6 ಸೆಕೆಂಡು ಬೇಕು, ಕತ್ತರಿಸದೆ ಬಿಡಿ. ಇದೇ ಶಾಟಿನಲ್ಲಿ ಸ್ಲೋ ಮೋಷನ್ ಜೊತೆ ಹಾಡಿಗೆ ಹೊಂದುವ ತುಟಿಚಲನೆಯೂ ಬೇಕಿದ್ದರೆ ಸೆಕೆಂಡಿಗೆ 50 ಫ್ರೇಮಿನಲ್ಲಿ ಶೂಟ್ ಮಾಡಿ, ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಿ. 25 ಫ್ರೇಮಿಗೆ ಇಳಿಸಿದಾಗ ತುಟಿ ಸರಿಯಾಗಿ ಕೂಡುತ್ತದೆ.

ಇಬ್ಬರ ಮೈಬಣ್ಣ ಬೇರೆಬೇರೆಯಾಗಿದ್ದರೆ ಬೆಳಕನ್ನು ಮೊದಲು ಕಪ್ಪುಬಣ್ಣದವಳ ಮುಖಕ್ಕೆ ಹೊಂದಿಸಿ, ಆಮೇಲೆ ಇನ್ನೊಬ್ಬಳ ಮೇಲಿನದನ್ನು ಫ್ಲಾಗ್ (ಬೆಳಕು ತಡೆಯುವ ಕಪ್ಪು ಬಟ್ಟೆಯ ಚೌಕಟ್ಟು) ಹಾಕಿ ತಗ್ಗಿಸಿ. ಉಲ್ಟಾ ಮಾಡಿದರೆ ಒಬ್ಬಳು ನೆರಳಾಗುತ್ತಾಳೆ. ಗ್ರೇಡಿಂಗ್‌ನಲ್ಲಿ (ಚಿತ್ರೀಕರಣದ ನಂತರ ಬಣ್ಣ-ಬೆಳಕು ತಿದ್ದುವಾಗ) ಆ ನೆರಳನ್ನು ಬೆಳಗಿಸಲು ಹೋದರೆ ಚಿತ್ರ ತುಂಬ ನಾಯ್ಸ್, ಅಂದರೆ ಮರಳಿನಂಥ ಚುಕ್ಕೆಗಳು.

ವೈವಿಧ್ಯ ತೋರಿಸಲೆಂದು ಎಂಟು ಜೋಡಿಗಳಿಗೆ ಎರಡೆರಡು ಸೆಕೆಂಡು ಹಂಚಿದರೆ ಯಾರಿಗೂ ಬದುಕು ಸಿಗುವುದಿಲ್ಲ. ಎರಡೇ ಜೋಡಿ ಸಾಕು. ಒಂದು ಜೋಡಿ ಐವತ್ತು ದಾಟಿರಲಿ, ಇನ್ನೊಂದರಲ್ಲಿ ಟ್ರಾನ್ಸ್ ಮಹಿಳೆಯಿರಲಿ. ಒಬ್ಬಳಿಗೆ ಗಿಡ್ಡ ಕೂದಲು, ಇನ್ನೊಬ್ಬಳಿಗೆ ಲಿಪ್‌ಸ್ಟಿಕ್ ಎಂಬ ಹಳೇ ಲೆಕ್ಕವೂ ಬೇಡ, ಇಬ್ಬರೂ ಗಂಡುಡುಗೆಯಲ್ಲೇ ಇರಬಹುದು.

ಮುತ್ತು, ಅಪ್ಪುಗೆಯ ದೃಶ್ಯಗಳಿಗೆ ಇಂಟಿಮಸಿ ಕೋಆರ್ಡಿನೇಟರ್ (ಆಪ್ತ ದೃಶ್ಯಗಳಲ್ಲಿ ಕಲಾವಿದರ ಒಪ್ಪಿಗೆ, ಸುರಕ್ಷತೆ ನೋಡಿಕೊಳ್ಳುವವರು) ಇರಲಿ. ಎಲ್ಲಿ ಮುಟ್ಟಬಹುದು, ಎಲ್ಲಿ ಕೂಡದು ಎಂಬುದನ್ನು ಮುಂಚೆಯೇ ಬರೆದು ಒಪ್ಪಿಗೆ ಪಡೆಯಿರಿ. ಸೆಟ್‌ನಲ್ಲಿ ಅಗತ್ಯವಿದ್ದವರಷ್ಟೇ ಇರಲಿ, ಮಾನಿಟರ್ ಮುಂದೆ ಗುಂಪು ಕೂಡದು. ಹಿನ್ನೆಲೆ ಕಲಾವಿದರನ್ನೂ ಮರೆಯಬೇಡಿ: ಮುಖ ಕಂಡರೆ ಮನೆಯಲ್ಲಿ ಗುಟ್ಟು ರಟ್ಟಾಗುವ ಭಯ ಕೆಲವರಿಗಿರುತ್ತದೆ. ಅಂಥವರನ್ನು ಬೆನ್ನು ಕಾಣುವಂತೆ ನಿಲ್ಲಿಸಿ. ಥಂಬ್‌ನೇಲ್, ಪೋಸ್ಟರ್, ತೆರೆಮರೆಯ ಫೋಟೊಗಳಿಗೆ ಬೇರೆಯದೇ ಸಹಿ ಪಡೆಯಿರಿ, ವಿಡಿಯೊಗೆ ಹಾಕಿದ ಸಹಿ ಇವಕ್ಕೂ ಸಾಕೆಂದುಕೊಳ್ಳಬೇಡಿ.